ಗಾಜಿನ ತೊಟ್ಟಿಯ ನಡುಪಟ್ಟಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಹರಪನಹಳ್ಳಿಯ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದೆ. ನನ್ನೂರು ಕೂಡ್ಲಿಗಿ ಕಡೆಯ ಹಳ್ಳಿ. ಇನ್ನೂ ಮದುವೆಯಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಓಣಿಯ ಬಾಯಲ್ಲೇ ಒಂದು ಗಾಜಿನ ಅಂಗಡಿಯಿತ್ತು. ದೇವರ ಪಟಗಳಿಗೆ, ಮದುವೆಯ ಫೋಟೋಗಳಿಗೆ ಕಟ್ಟು ಹಾಕುವುದು, ಕಿಟಕಿಗೆ ಗಾಜು ಕತ್ತರಿಸಿ ಕೊಡುವುದು ಅಲ್ಲಿನ ಕೆಲಸ. ಅಂಗಡಿಯವರು ನನಗಿಂತ ಐದಾರು ವರ್ಷ ದೊಡ್ಡವರು. ನಾನು ಅವರನ್ನು ಭಾಯಿ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಿದ್ದರು.

ಸ್ಕೂಲು ಬಿಟ್ಟ ಮೇಲೆ ಅವರ ಅಂಗಡಿಯ ಬೆಂಚಿನ ಮೇಲೆ ಕೂತು ಅವರ ಕೈಯನ್ನೇ ನೋಡುವುದು ನನಗೆ ರೂಢಿಯಾಯಿತು. ಗಾಜು ಕೊಯ್ಯುವ ಕಡ್ಡಿಯ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಪಟ್ಟಿಯಿಟ್ಟು ಒಂದೇ ಸಲ ಎಳೆಯುತ್ತಿದ್ದರು. ಎರಡನೇ ಸಲ ಎಳೆದದ್ದನ್ನು ನಾನು ಕಾಣೆ. ಆಮೇಲೆ ಕೆಳಗಿನಿಂದ ಮೆಲ್ಲಗೆ ತಟ್ಟಿದರೆ ಗಾಜು ತಾನಾಗಿಯೇ ಎರಡಾಗುತ್ತಿತ್ತು. ಮಾತು ಕಡಿಮೆ. ಆಡಿದರೆ ಬಹಳ ಯೋಚಿಸಿ ಆಡಿದಂತೆ ಇರುತ್ತಿತ್ತು.

ಎರಡನೇ ವರ್ಷ ನಮ್ಮ ಸ್ಕೂಲಿನಲ್ಲಿ ವಿಜ್ಞಾನದ ವಸ್ತುಪ್ರದರ್ಶನ ಇಡಬೇಕೆಂದು ಹೆಡ್‌ಮಾಸ್ತರರು ಹೇಳಿದರು. ಸುತ್ತಲಿನ ಸ್ಕೂಲುಗಳ ಮಕ್ಕಳು, ಊರಿನ ಜನ, ಮೇಲಿನ ಅಧಿಕಾರಿಗಳು ಎಲ್ಲ ಬರುವವರಿದ್ದರು. ಬೇರೆ ಮೇಷ್ಟ್ರುಗಳು ನಕ್ಷೆ, ಮಾದರಿ ಎಂದು ಮಾತಾಡುತ್ತಿದ್ದಾಗ ನಾನು, ಜೀವಂತ ಮೀನುಗಳ ಗಾಜಿನ ತೊಟ್ಟಿ ಇಡುತ್ತೇನೆ ಎಂದುಬಿಟ್ಟೆ. ಮೀನಿನ ಕಿವಿರು ಹೇಗೆ ಆಡುತ್ತದೆ ಎಂಬುದನ್ನು ನಮ್ಮ ಮಕ್ಕಳು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದರು. ಅದು ನಿಜವಾದ ಕಾರಣವೇ. ಆದರೆ ಎಲ್ಲರೂ ನನ್ನ ಮೇಜಿನ ಮುಂದೆ ಗುಂಪುಗೂಡಬೇಕೆಂಬ ಆಸೆಯೂ ಅಷ್ಟೇ ಇತ್ತು.

ಭಾಯಿಗೆ ಹೇಳಿದಾಗ ಅವರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು.

"ನೀರು ನಿಲ್ಲೋ ಗಾಜಿನ ಪೆಟ್ಟಿಗಿ ನಾ ಮಾಡಿಲ್ರಿ ಮೇಷ್ಟ್ರೇ. ಆದ್ರ ನಮ್ಮ ಭಾವ ಬೊಂಬಾಯ್ದಾಗ ಷೋಕೇಸ್ ಅಂಗಡ್ಯಾಗ ಅದಾನ. ಗಾಜಿಗೆ ಗಾಜು ಹಿಡಿಯೋ ಅಂಟು ಬಂದೈತಂತ. ತರಸ್ತೀನಿ, ನೋಡೂನು."

ಅಂಟು ಬಂತು. ಟೂತ್‌ಪೇಸ್ಟಿನಂತೆ ಕೊಳವೆಯಿಂದ ಬರುವ, ಮೂಗಿಗೆ ಹುಳಿಹುಳಿ ಬಡಿಯುವ ಅಂಟು. ಭಾಯಿ ಮೊದಲು ಒಂದಡಿ ಉದ್ದದ ಚಿಕ್ಕ ತೊಟ್ಟಿ ಮಾಡಿ, ನೀರು ತುಂಬಿ, ಅಂಗಡಿಯ ಕಟ್ಟೆಯ ಮೇಲೆ ಇಟ್ಟರು. ಒಂದು ತಿಂಗಳಾದರೂ ಒಂದು ಹನಿ ಸೋರಲಿಲ್ಲ. ದಾರಿಹೋಕರೆಲ್ಲ ನಿಂತು, ಬರೀ ನೀರಿದ್ದ ಆ ಗಾಜಿನ ಡಬ್ಬಿಯನ್ನು ನೋಡಿ ಹೋಗುತ್ತಿದ್ದರು.

"ಸ್ಕೂಲಿಗೆ ಮೂರಡಿ ಸಾಕ್ರಿ" ಎಂದರು ಭಾಯಿ.

"ನಾಕಡಿನೇ ಇರ್ಲಿ ಭಾಯಿ. ದೂರದಿಂದ ನೋಡಿದವ್ರಿಗೂ ಕಾಣ್ಬೇಕು."

ಅವರು ವಾದ ಮಾಡಲಿಲ್ಲ. ಕಿಟಕಿಗೆ ಹಾಕುವುದಕ್ಕಿಂತ ದಪ್ಪನೆಯ ಗಾಜು ತರಿಸಿದರು. ನಾಲ್ಕಡಿ ಉದ್ದ, ಒಂದೂವರೆ ಅಡಿ ಎತ್ತರ. ಲ್ಯಾಬಿನ ಮೇಜಿನ ಮೇಲೆಯೇ ಕಟ್ಟಿದೆವು. ನಾನು ಗಾಜು ಹಿಡಿದುಕೊಂಡೆ, ಅವರು ಅಂಟು ಹಚ್ಚಿದರು. ಒಣಗಲು ಬಿಟ್ಟು, ಒಂದು ಭಾನುವಾರ ಮೀನಿಗೆಂದು ಇಬ್ಬರೂ ಮಾಗಳಕ್ಕೆ ಹೊರಟೆವು. ಹಾಲಿನ ಕ್ಯಾನು ಹಿಡಿದುಕೊಂಡು ಬಸ್ಸು ಹತ್ತಿದ್ದು ನೋಡಿ ಕಂಡಕ್ಟರ್ ನಮ್ಮನ್ನು ಹಾಲಿನವರೆಂದೇ ತಿಳಿದ.

ಮಾಗಳದ ಹೊಳೆಯ ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ಮುದುಕರೊಬ್ಬರಿಗೆ ನಮಗೆ ಬೇಕಾದದ್ದು ಏನೆಂದು ತಿಳಿಸುವುದೇ ಕಷ್ಟವಾಯಿತು.

"ಸಣ್ಣವು ಬೇಕು, ಜೀವ ಇರ್ಬೇಕು" ಎಂದೆ.

"ಸಣ್ಣವು ತಗಂಡು ಏನ್ ಮಾಡ್ತೀರಪಾ? ಒಂದು ಹೊತ್ತಿನ ಸಾರಿಗೂ ಬರೂದಿಲ್ಲ."

"ತಿನ್ನಾಕಲ್ಲ ಅಜ್ಜ, ನೋಡಾಕ" ಎಂದರು ಭಾಯಿ.

ಮುದುಕರು ಬಲೆ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ತಾವೇ ಮೊಣಕಾಲುದ್ದ ನೀರಿಗಿಳಿದು ಹತ್ತಿಪ್ಪತ್ತು ಪಕ್ಕೆ ಮೀನು ಹಿಡಿದು ಕ್ಯಾನಿಗೆ ಬಿಟ್ಟರು. ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ಭಾಯಿ ಕ್ಯಾನಿನ ನೀರನ್ನು ಲೋಟದಿಂದ ಎತ್ತಿ ಎತ್ತಿ ಸುರಿಯುತ್ತಿದ್ದರು, ಮೀನುಗಳಿಗೆ ಉಸಿರು ಕಟ್ಟಬಾರದೆಂದು. ಅವರ ಅಂಗಿಯ ತೋಳೆಲ್ಲ ಒದ್ದೆ. ಮದುವೆಯಾದ ಮೇಲೆ ಕೆಲಸವಿಲ್ಲದೆ ಊರು ಬಿಟ್ಟು ಹೊರಗೆ ಬಂದದ್ದು ಇದೇ ಮೊದಲು ಎಂದು ಅವರು ಹೇಳಿದ ನೆನಪು. ನನ್ನ ಜೀವನದ ಒಳ್ಳೆಯ ದಿನಗಳನ್ನು ಎಣಿಸಿದರೆ ಆ ಭಾನುವಾರವೂ ಅದರಲ್ಲಿ ಬರುತ್ತದೆ. ಅದಕ್ಕೇ ಮುಂದಿನದನ್ನು ಹೇಳಲು ನನಗೆ ಇಷ್ಟು ಕಷ್ಟ.

ಮರುದಿನ ತೊಟ್ಟಿಗೆ ನೀರು ತುಂಬಿದೆವು. ಅರ್ಧ ತುಂಬುವ ತನಕ ಎಲ್ಲ ಸರಿಯಿತ್ತು. ಮೇಲೆ ಮೇಲೆ ಬಂದಂತೆ ಭಾಯಿ ಕೊಡ ತರುತ್ತಿದ್ದ ಜವಾನನಿಗೆ "ನಿಲ್ಲಪ್ಪ" ಎಂದರು. ಮುಂದಿನ ಗಾಜಿನ ಮೇಲಂಚಿಗೆ ಈ ಮೂಲೆಯಿಂದ ಆ ಮೂಲೆಗೆ ಒಂದು ದಾರ ಎಳೆದು ಹಿಡಿಯಲು ನನಗೆ ಹೇಳಿದರು. ಎರಡೂ ತುದಿಯಲ್ಲಿ ದಾರ ಗಾಜಿನ ಒಳಮೈಗೆ ತಾಗಿತ್ತು. ನಡುವೆ ಮಾತ್ರ ದಾರಕ್ಕೂ ಗಾಜಿಗೂ ಉಗುರು ತೂರುವಷ್ಟು ಸಂದು. ಗಾಜು ಹೊರಗೆ ಉಬ್ಬಿತ್ತು.

"ನೋಡಿದ್ರೇನು? ಹೊಟ್ಟಿ ಬಂದೈತಿ."

"ಇಷ್ಟಕ್ಕೆ ಏನಾಗ್ತದ ಭಾಯಿ?"

"ಇವತ್ತ ಏನೂ ಆಗಾಂಗಿಲ್ಲ. ಬುಟ್ಟಿ ಹೆಣದು ಕಂಠ ಕಟ್ಲಿಲ್ಲಂದ್ರ ಏನಾಗ್ತದ? ಬಾಯಿ ಅಗಲ ಆಕ್ಕೋತ ಹೋಗ್ತದ. ಇದೂ ಹಂಗ. ತಳಕ್ಕ ಗಾಜು ಹಿಡಕಂಡೈತಿ, ಎಡಬಲಕ್ಕ ಹಿಡಕಂಡೈತಿ. ಮ್ಯಾಲ ಹಿಡಿಯೋರು ಯಾರೂ ಇಲ್ಲ."

ನೀರನ್ನೆಲ್ಲ ಮತ್ತೆ ಹೊರಗೆ ಚೆಲ್ಲಿಸಿದರು. ಗಾಜನ್ನು ಬಟ್ಟೆಯಿಂದ ಒರೆಸಿ ಒಂದು ದಿನ ಒಣಗಲು ಬಿಟ್ಟರು. ಎರಡು ಬೆರಳಗಲದ ಗಾಜಿನ ಪಟ್ಟಿಗಳನ್ನು ಕೊಯ್ದು, ಉದ್ದದ ಎರಡೂ ಗಾಜುಗಳ ಒಳಗಡೆ ಮೇಲಂಚಿನ ಉದ್ದಕ್ಕೂ ಮಲಗಿಸಿ ಅಂಟಿಸಿದರು. ಕೊನೆಗೆ ನಟ್ಟನಡುವೆ, ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಸೇತುವೆಯಂತೆ, ಅಂಗೈ ಅಗಲದ ಇನ್ನೊಂದು ಪಟ್ಟಿ. ಅದಕ್ಕೆ ಅವರು ನಡುಪಟ್ಟಿ ಎಂದು ಹೆಸರಿಟ್ಟರು.

"ಎರಡೂ ಗಾಜು ಒಂದನ್ನೊಂದು ಕೈ ಹಿಡಕಂಡಂಗ ಈಗ" ಎಂದು ನಕ್ಕರು. "ನಾಕು ದಿನ ನೀರು ಮುಟ್ಟಿಸಬ್ಯಾಡ್ರಿ."

ನಾಲ್ಕು ದಿನವಾದ ಮೇಲೆ ನೀರು ತುಂಬಿ ದಾರ ಹಿಡಿದು ನೋಡಿದೆವು. ಕಣ್ಣಿಗೆ ಕಾಣುವಂಥ ಸಂದಿರಲಿಲ್ಲ. ಅಲ್ಲಿಯವರೆಗೆ ಲ್ಯಾಬಿನ ಮೂಲೆಯ ದೊಡ್ಡ ಬಾನಿಯಲ್ಲಿ ಇಟ್ಟುಕೊಂಡಿದ್ದ ಮೀನುಗಳನ್ನು ಬಿಟ್ಟೆವು.

ತೊಂದರೆ ಬಂದದ್ದು ಮುಚ್ಚಳದಿಂದ. ತೊಟ್ಟಿಗೆಂದು ನಾನು ಮೊದಲೇ ಬಡಗಿಯಿಂದ ಒಂದು ಮರದ ಮುಚ್ಚಳ ಮಾಡಿಸಿದ್ದೆ. ಅದರ ನಡುವೆ ಒಂದು ಬಲ್ಬು ತೊಟ್ಟಿಯ ಒಳಕ್ಕೆ ಇಳಿಬಿದ್ದಿತ್ತು. ಈಗ ಬಲ್ಬು ಬರುವ ಜಾಗಕ್ಕೇ ಸರಿಯಾಗಿ ನಡುಪಟ್ಟಿ ಬಂದಿತ್ತು, ಮುಚ್ಚಳ ಕೂರುತ್ತಿರಲಿಲ್ಲ.

"ಮುಚ್ಚಳ ಬದಲಿ ಮಾಡಸ್ರಿ ಮೇಷ್ಟ್ರೇ" ಎಂದರು ಭಾಯಿ. "ಪಟ್ಟಿ ಮಾತ್ರ ಮುಟ್ಟಬ್ಯಾಡ್ರಿ. ನಾ ಎರಡು ದಿನ ದಾವಣಗೆರಿಗೆ ಹೋಗಿ ಗಾಜು ತಗಂಡು ಬರ್ತೀನಿ. ಪ್ರದರ್ಶನದ ಎರಡ್ನೇ ದಿನ ಮನಿಯೋರ್ನೆಲ್ಲ ಕರ್ಕಂಡು ಬರ್ತೀನಿ. ನಾ ಮಾಡಿದ್ದನ್ನ ಮಕ್ಕಳೂ ನೋಡ್ಲಿ."

ಬಡಗಿಯನ್ನು ಹುಡುಕಿದೆ. ಅವನು ನೆಂಟರ ಮದುವೆಗೆಂದು ಬಾಗಳಿಗೆ ಹೋಗಿದ್ದ. ಪ್ರದರ್ಶನದ ದಿನ ಬೆಳಗ್ಗೆ ಬೇಗ ಲ್ಯಾಬಿಗೆ ಹೋಗಿ ನಿಂತೆ. ಬಲ್ಬಿಲ್ಲದ ತೊಟ್ಟಿ ಮಂಕಾಗಿ ಕಾಣುತ್ತಿತ್ತು. ಅಧಿಕಾರಿಗಳು ಹತ್ತು ಗಂಟೆಗೆ ಬರುವವರು. ಉದ್ದದ ಪಟ್ಟಿಗಳು ಇದ್ದೇ ಇವೆಯಲ್ಲ, ಎರಡು ದಿನದ ಮಟ್ಟಿಗೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಗಡ್ಡ ಹೆರೆಯುವ ಬ್ಲೇಡು ತಂದು ನಡುಪಟ್ಟಿಯ ಎರಡೂ ತುದಿಯ ಅಂಟನ್ನು ಕುಯ್ದೆ. ಅರ್ಧ ಗಂಟೆ ಹಿಡಿಯಿತು. ಪಟ್ಟಿ ಕೈಗೆ ಬಂದಾಗ ಗಾಜು ಸಣ್ಣಗೆ ಟಿಕ್ ಎಂದದ್ದು ಕೇಳಿಸಿತು. ದಾರ ಮೇಜಿನ ಡ್ರಾಯರಿನಲ್ಲೇ ಇತ್ತು. ತೆಗೆದು ನೋಡಲಿಲ್ಲ. ನೋಡಿದರೆ ಏನು ಕಾಣುತ್ತದೆಂದು ನನಗೆ ಗೊತ್ತಿತ್ತು. ಪಟ್ಟಿಯನ್ನು ಬೀರುವಿನ ಹಿಂದೆ ಸರಿಸಿ, ಮುಚ್ಚಳ ಇಟ್ಟು ದೀಪ ಹಾಕಿದೆ. ಪಕ್ಕೆ ಮೀನುಗಳು ಬೆಳ್ಳಿಯಂತೆ ಹೊಳೆದವು.

ಮೊದಲ ದಿನ ಜಯಭೇರಿ. ಅಧಿಕಾರಿಗಳು ನನ್ನ ಬೆನ್ನು ತಟ್ಟಿದರು. ತೊಟ್ಟಿಯ ಪಕ್ಕ ಕೋಲು ಹಿಡಿದು ವಿವರಿಸಲು ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು ನಿಲ್ಲಿಸಿದ್ದೆ. ಚುರುಕು ಹುಡುಗಿ, ಒಂದು ಸಲ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಅವಳ ಅವ್ವ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ. ಗಂಡ ತೀರಿಕೊಂಡಿದ್ದ, ಇವಳೊಬ್ಬಳೇ ಮಗಳು. "ಕಿವಿರಿನ ಮುಚ್ಚಳ ಆಡೋದನ್ನ ನೋಡ್ರಿ, ಅದು ನಮ್ಮ ಪುಪ್ಪುಸ ಇದ್ದಂಗ" ಎಂದು ಅವಳು ಆ ದಿನ ನೂರು ಸಲವಾದರೂ ಹೇಳಿರಬೇಕು.

ಎರಡನೇ ದಿನ ಮಧ್ಯಾಹ್ನಕ್ಕೆ ಮುಂಚೆ ನಾನು ಕೋಣೆಯ ಇನ್ನೊಂದು ಕಡೆ ಕೊಟ್ಟೂರಿನಿಂದ ಬಂದ ಮೇಷ್ಟ್ರುಗಳೊಂದಿಗೆ ಮಾತಾಡುತ್ತಿದ್ದೆ. ಹುಡುಗಿ ಕರೆದಳು.

"ಸಾರ್, ಮೂಲ್ಯಾಗ ನೀರು ಜಿನಗಾಕತ್ತೈತಿ."

"ಬಂದೆ, ಇರು" ಎಂದೆ. ಮಾತು ಮುಗಿಸುತ್ತಿದ್ದೆ. ಮೇಷ್ಟ್ರುಗಳು ನನ್ನನ್ನು ಹೊಗಳುತ್ತಿದ್ದರು.

"ಸಾರ್, ಜೋರಾತು" ಎಂದಳು. ತಿರುಗಿ ನೋಡಿದಾಗ ಅವಳು ಬಲಗೈಯನ್ನು ಗಾಜಿನ ಮೂಲೆಗೆ ಒತ್ತಿ ಹಿಡಿದಿದ್ದಳು, ಕೊಡ ಸೋರಿದರೆ ನಾವು ಒತ್ತಿ ಹಿಡಿಯುವ ಹಾಗೆ. ನಾನು ಎರಡು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಮುಂದಿನ ಗಾಜು ಬಿರಿದು ಹದಿನಾಲ್ಕು ಹದಿನೈದು ಕೊಡ ನೀರು ಒಮ್ಮೆಗೇ ನೆಲಕ್ಕೆ ಬಿತ್ತು. ಮಕ್ಕಳು ಕಿರುಚುತ್ತ ಓಡಿದರು. ಹುಡುಗಿ ಕೂತುಬಿಟ್ಟಿದ್ದಳು. ಅಳಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಅವಳ ಸುತ್ತ ನೀರು ಕೆಂಪಾಗುತ್ತಿತ್ತು, ಆ ನೀರಿನಲ್ಲೇ ಮೀನುಗಳು ಒದ್ದಾಡುತ್ತಿದ್ದವು.

ಟವೆಲು ಸುತ್ತಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ನಾನೂ ಹೊರಟಿದ್ದೆ, ಹೆಡ್‌ಮಾಸ್ತರರು ತಡೆದು, ಇಲ್ಲಿಯದನ್ನು ನೋಡಿಕೊಳ್ಳಿ ಎಂದರು. ಆ ಹೊತ್ತಿಗೆ ಭಾಯಿ ಬಾಗಿಲಲ್ಲಿ ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಹಿಂದೆ ಬುರ್ಖಾ ಹಾಕಿದ ಅವರ ಹೆಂಡತಿ, ಎಣ್ಣೆ ಹಚ್ಚಿ ಬಾಚಿದ ತಲೆಯ ಎರಡು ಮಕ್ಕಳು. ತಾವು ಮಾಡಿದ್ದನ್ನು ತೋರಿಸಲು ಬಂದಿದ್ದರು.

ಅವರು ಮಕ್ಕಳನ್ನು ಅಲ್ಲೇ ನಿಲ್ಲಿಸಿ ಒಳಗೆ ಬಂದರು. ಒಡೆದ ತೊಟ್ಟಿಯ ಹತ್ತಿರ ಬಗ್ಗಿ, ಉಳಿದಿದ್ದ ಹಿಂದಿನ ಗಾಜಿನ ಮೇಲಂಚಿನ ಮೇಲೆ ಬೆರಳಾಡಿಸಿದರು. ನಡುವೆ ಬ್ಲೇಡಿನಿಂದ ಕುಯ್ದ ಅಂಟು ಹಾಗೇ ಇತ್ತು. ಅಲ್ಲಿ ಬೆರಳು ನಿಂತಿತು.

"ಏನಪಾ, ಎಂಥ ಕೆಲ್ಸ ಮಾಡೀಯಪಾ ಇದು?" ಎಂದು ಹೆಡ್‌ಮಾಸ್ತರರು ಕೂಗಿದರು. "ಒಂದು ಹೆಣ್ಣುಮಗಳ ಕೈ ಹೋತಲ್ಲೋ!"

ಭಾಯಿ ನನ್ನ ಕಡೆ ನೋಡಿದರು. ಸಿಟ್ಟಿನಿಂದ ಅಲ್ಲ. ನಾನು ಈಗ ಮಾತಾಡುತ್ತೇನೆ ಎಂದು ಕಾಯುವವರ ನೋಟ ಅದು. ಸಾಕಷ್ಟು ಹೊತ್ತು ಕಾದರು. ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂದಿರಲಿಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ ಎಂಬುದೊಂದೇ ಆಗ ತಲೆಯಲ್ಲಿ ಇದ್ದದ್ದು. ನಾನು ನೆಲ ನೋಡಿದೆ.

"ತಪ್ಪಾಗೈತ್ರಿ ಸಾಹೇಬ್ರ" ಎಂದರು ಭಾಯಿ. ಅಷ್ಟೇ. ಆಮೇಲೆ ಮೊಣಕಾಲೂರಿ ಗಾಜಿನ ಚೂರುಗಳನ್ನು ಆರಿಸತೊಡಗಿದರು. ಬಿಳಿ ಜುಬ್ಬ ಕೊಳೆಯಾಯಿತು. ಅವರ ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿದ್ದವು.

ಹುಡುಗಿಯ ಅಂಗೈಯ ಗಾಯ ಮಾಯಿತು. ದಾವಣಗೆರೆಯಲ್ಲಿ ದೊಡ್ಡ ಡಾಕ್ಟರಿಗೂ ತೋರಿಸಿದರು. ಆದರೆ ಉಂಗುರದ ಬೆರಳು, ಕಿರುಬೆರಳು ಮತ್ತೆ ಮಡಿಸಲು ಬರಲಿಲ್ಲ, ಆ ಕೈಯಲ್ಲಿ ಪೆನ್ನು ಹಿಡಿಯುವ ಬಲವೂ ಹೋಯಿತು. ಎಡಗೈಯಲ್ಲಿ ಬರೆಯಲು ಕಲಿಯುತ್ತ ಆ ವರ್ಷ ಪರೀಕ್ಷೆ ಬರೆದಳು. ನಾನು ಅವಳ ಮನೆಗೆ ಹೋದಾಗ ಅವಳ ಅವ್ವ ಚಾಪೆ ಹಾಸಿ ಕೂರಿಸುತ್ತಿದ್ದಳು. "ನೀವೇನ್ ಮಾಡ್ತೀರಿ ಸಾರ್, ಆ ಗಾಜಿನ ಸಾಬ ಕೆಟ್ಟ ಕೆಲ್ಸ ಮಾಡಿದ" ಎನ್ನುತ್ತಿದ್ದಳು. ಭಾಯಿ ವಾರಕ್ಕೊಮ್ಮೆ ಹಣ್ಣು ಹಿಡಿದುಕೊಂಡು ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ. ಹಣ್ಣನ್ನು ಹೊಸ್ತಿಲಲ್ಲಿಟ್ಟು ಬರುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಆ ಹುಡುಗಿಯೇ. ನಾನು ಅವಳ ಮುಂದೆಯೂ ಸುಮ್ಮನಿದ್ದೆ.

ಭಾಯಿಯ ಅಂಗಡಿಗೆ ಜನ ಕಡಿಮೆಯಾದರು. ಹೊಸದಾಗಿ ಕಟ್ಟುತ್ತಿದ್ದ ಒಂದು ಬಟ್ಟೆ ಅಂಗಡಿಯ ಷೋಕೇಸಿನ ಕೆಲಸ ಅವರಿಗೆ ಬರಬೇಕಿತ್ತು, ಬರಲಿಲ್ಲ. "ಅಂವ ಕಟ್ಟಿದ್ದು ಒಡಿತೈತಿ" ಎಂಬ ಮಾತು ಊರಿನಲ್ಲಿ ನಿಂತುಬಿಟ್ಟಿತು. ನಾನು ಆ ಬೆಂಚಿನ ಮೇಲೆ ಕೂರುವುದನ್ನು ಬಿಟ್ಟೆ. ಓಣಿಗೆ ಹಿಂದಿನ ದಾರಿಯಿಂದ ಬರತೊಡಗಿದೆ. ವರ್ಷದೊಳಗೆ ಅವರು ಅಂಗಡಿ ಮುಚ್ಚಿ ಹಗರಿಬೊಮ್ಮನಹಳ್ಳಿಗೆ ಹೋಗಿ, ಟ್ರ್ಯಾಕ್ಟರ್ ಟ್ರೇಲರು ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರಿದರು ಎಂದು ಕೇಳಿದೆ. ನಾನು ಕೊಟ್ಟೂರಿಗೆ ವರ್ಗ ಮಾಡಿಸಿಕೊಂಡೆ. ಅಲ್ಲೇ ಮದುವೆಯಾದೆ.

ಐದು ವರ್ಷ ಹೀಗೇ ಹೋಯಿತು. ಹಗರಿಬೊಮ್ಮನಹಳ್ಳಿಯ ಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಹೋದೆ. ರಸ್ತೆ ಪಕ್ಕದ ಆ ಶೆಡ್ಡು ಬಂದಾಗ ಕಿಟಕಿಯಿಂದ ಮುಖ ತಿರುಗಿಸುತ್ತಿದ್ದೆ. ಒಂದು ದಿನ ಬಸ್ಸು ಸರಿಯಾಗಿ ಅದರ ಎದುರೇ ಕೆಟ್ಟು ನಿಂತಿತು. ಎಲ್ಲರೂ ಇಳಿದರು. ಭಾಯಿ ಕಣ್ಣಿಗೆ ಕಪ್ಪು ಗಾಜು ಹಿಡಿದು ಬೆಸುಗೆ ಹಾಕುತ್ತಿದ್ದರು. ತೆಗೆದು ನೋಡಿದರು.

"ಬರ್ರಿ ಮೇಷ್ಟ್ರೇ" ಎಂದರು, ನಿನ್ನೆ ತಾನೇ ನೋಡಿದವರ ಹಾಗೆ. ಸ್ಟೂಲು ಒರೆಸಿ ಕೊಟ್ಟರು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ, ಬ್ಲೇಡು, ಬಲ್ಬು, ಬೀರುವಿನ ಹಿಂದೆ ಇಟ್ಟದ್ದು.

ಭಾಯಿ ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟರು.

"ನನಗ ಗೊತ್ತಿದ್ದದ್ದನ್ನ ನನಗ್ಯಾಕ ಹೇಳ್ತೀರಿ? ಅವತ್ತು ನಾ ಕಣ್ಣಾರೆ ನೋಡೀನಿ."

"ಮತ್ತ ನೀವು ಯಾಕ ಸುಮ್ನಾದ್ರಿ ಭಾಯಿ?"

"ನಾ ಹೇಳಿದ್ರ ಯಾರು ನಂಬ್ತಿದ್ರು? ಮೇಷ್ಟ್ರ ಮಾತೋ, ನನ್ನ ಮಾತೋ? ನೀವು ಹೇಳ್ತೀರಂತ ನಿಂತಿದ್ದೆ. ನೀವು ನೆಲ ನೋಡಿದ್ರಿ. ಮುಗೀತು."

ಕ್ಷಮಿಸಿ ಎಂದು ಕೇಳಬೇಕೆಂದು ನಿಂತಿದ್ದವನು ಅದನ್ನು ಕೇಳಲಿಲ್ಲ.

"ನನ್ನ ಮುಂದ ಹೇಳಿ ನಿಮ್ಮ ಭಾರ ಇಳಿಸ್ಕಬ್ಯಾಡ್ರಿ" ಎಂದರು ಭಾಯಿ. ಧ್ವನಿ ಏರಲಿಲ್ಲ. "ಆ ಹುಡುಗಿ ಅವ್ವ ಇವತ್ತಿಗೂ ನನ್ನ ಕಂಡ್ರ ಮುಖ ತಿರುವತಾಳ. ಹೇಳೂದಿದ್ರ ಅಕಿ ಮುಂದ ಹೋಗಿ ಹೇಳ್ರಿ."

ಬಸ್ಸು ರಿಪೇರಿಯಾಗಿ ಹಾರ್ನು ಹೊಡೆಯಿತು. ನಾನು ಹತ್ತಿದೆ. ಮರುದಿನವೇ ಹರಪನಹಳ್ಳಿಗೆ ಹೋಗುತ್ತೇನೆಂದು ಆ ಬಸ್ಸಿನಲ್ಲೇ ನಿಶ್ಚಯಿಸಿದೆ. ಹೋದದ್ದು ಎಂಟು ತಿಂಗಳ ಮೇಲೆ. ಈ ಎಂಟು ತಿಂಗಳ ಬಗ್ಗೆ ನನಗೆ ಆ ಐದು ವರ್ಷಗಳಿಗಿಂತ ಹೆಚ್ಚು ನಾಚಿಕೆ. ಆಗ ನೌಕರಿ ಹೋಗುವ ಭಯವೂ ಇರಲಿಲ್ಲ. ಬರೀ ಆ ಮನೆಯ ಚಾಪೆಯ ಮೇಲೆ ಕೂತು ಹೇಳಬೇಕಲ್ಲ ಎಂಬ ಹಿಂಜರಿಕೆ.

ಹುಡುಗಿ ಈಗ ಎತ್ತರವಾಗಿ ಬೆಳೆದಿದ್ದಳು. ಎಡಗೈಯಿಂದ ನೀರು ತಂದುಕೊಟ್ಟಳು. ಅವ್ವ ಎಂದಿನಂತೆ ಚಾಪೆ ಹಾಸಿದಳು. ನಾನು ಎಲ್ಲವನ್ನೂ ಹೇಳಿ ಮುಗಿಸಿದೆ. ಆಮೇಲೆ ಆ ತಾಯಿ ಕೇಳಿದ ಮೊದಲ ಮಾತು ನನ್ನ ಬಗ್ಗೆ ಅಲ್ಲ.

"ಹಂಗಾರ ಆ ಮನಷ್ಯಾ ಸುಮ್ನ ವಾರಾ ವಾರಾ ಬರ್ತಿದ್ನೇ? ತನ್ನದಲ್ಲದ ತಪ್ಪಿಗೆ?"

"ಹೌದವ್ವ."

"ನಾ ಅವನ ಮಾರಿ ಮ್ಯಾಲ ಬಾಗ್ಲಾ ಹಾಕೀನಿ. ಹಣ್ಣು ದನಕ್ಕ ಹಾಕೀನಿ." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಕಡೆ ನೋಡದೆಯೇ, "ನೀವು ಹೊಂಡ್ರಿ ಸಾರ್" ಎಂದಳು.

ಹುಡುಗಿ ಬಾಗಿಲ ತನಕ ಬಂದಳು. "ನಾ ನಿಮ್ಮನ್ನ ಎರಡು ಸಲ ಕರದೆ ಸಾರ್" ಎಂದಳು. ನನಗೆ ನೆನಪಿದೆಯೋ ಇಲ್ಲವೋ ಎಂದು ಕೇಳುವ ಹಾಗಿತ್ತು ಆ ದನಿ. ನೆನಪಿದೆ ಎಂದೆ. ಒಳಗೆ ಹೋದಳು.

ಮುಂದಿನದು ಬೇರೆಯವರಿಂದ ಕೇಳಿದ್ದು. ಆ ವಾರದಲ್ಲೇ ತಾಯಿ ಮಗಳು ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದರಂತೆ. ಶೆಡ್ಡಿನಲ್ಲಿ ಆ ತಾಯಿ ಭಾಯಿಯ ಕಾಲಿಗೆ ಬೀಳಲು ಹೋದಾಗ ಅವರು ಹಿಂದೆ ಸರಿದು, "ಅಕ್ಕಾ, ಇದೇನು" ಎಂದು ಗದರಿಸಿದರಂತೆ. ಅವರ ಮನೆಯಲ್ಲೇ ಊಟ ಮಾಡಿ ಸಂಜೆ ಬಸ್ಸಿಗೆ ಬಂದರಂತೆ. ಅಲ್ಲಿಂದ ಎರಡೂ ಮನೆಯವರು ಹಬ್ಬಕ್ಕೆ ಹುಣ್ಣಿಮೆಗೆ ಹೋಗಿಬರುತ್ತಿದ್ದರು. ಹುಡುಗಿ ಹಡಗಲಿಯಲ್ಲಿ ಅಂಗನವಾಡಿ ಕೆಲಸಕ್ಕೆ ಸೇರಿದಳು. ಆ ದಶಕ ಮುಗಿಯುವ ಹೊತ್ತಿಗೆ ಅವಳ ಮದುವೆಯೂ ಆಯಿತು. ಭಾಯಿ ಮೂರು ದಿನ ಮುಂಚೆಯೇ ಬಂದು ಚಪ್ಪರದ ಕೆಲಸವನ್ನೆಲ್ಲ ತಾವೇ ನಿಂತು ಮಾಡಿಸಿದರು ಎಂದು ನಮ್ಮ ಹಳೆಯ ಸ್ಕೂಲಿನ ಜವಾನ ಕೊಟ್ಟೂರಿನ ಸಂತೆಯಲ್ಲಿ ಸಿಕ್ಕಾಗ ಹೇಳಿದ.

"ನಿಮಗ ಕಾರ್ಡು ಬಂದಿಲ್ಲೇನ್ರಿ ಸಾರ್?" ಎಂದು ಕೇಳಿದ.

ಬಂದಿಲ್ಲ ಎಂದೆ. ಅಂಚೆಯಲ್ಲಿ ಎಲ್ಲೋ ತಪ್ಪಿರಬೇಕು ಎಂದು ಅವನು ಸಮಾಧಾನ ಹೇಳಿದ. ಇಲ್ಲಪ್ಪ, ತಪ್ಪಿಲ್ಲ ಎಂದೆ. ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ಉಳ್ಳಾಗಡ್ಡಿ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆಗೆ ನಡೆದ.